ಕೋಡ್ ಬರೆಯುವಾಗ ಹಾಡು ಕೇಳಬೇಕಾ, ಬೇಡವಾ?

ಪ್ರಶ್ನೆ: ನಾನು ಸುಂಟಿಕೊಪ್ಪದ ಹತ್ತಿರ ನಮ್ಮ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಬೆಳಗ್ಗೆ ಲ್ಯಾಪ್‌ಟಾಪ್ ತೆರೆದು ಹೆಡ್‌ಫೋನ್ ಹಾಕಿದರೆ ಸಂಜೆವರೆಗೂ ತೆಗೆಯುವುದಿಲ್ಲ. ಹಾಡಿಲ್ಲದೆ ಕೆಲಸ ಓಡುವುದೇ ಇಲ್ಲ. ಆದರೆ ಇತ್ತೀಚೆಗೆ ಸಂಜೆ ಹೊತ್ತಿಗೆ ತಲೆ ಭಾರ, ಸಣ್ಣಪುಟ್ಟ ತಪ್ಪುಗಳೂ ಜಾಸ್ತಿ. ಅದಕ್ಕಿಂತ ಬೇಜಾರಿನ ವಿಷಯ, ನನಗೆ ಪ್ರಾಣವಾಗಿದ್ದ ಹಾಡುಗಳು ಈಗ ಕೇಳಿದರೆ ಏನೂ ಅನ್ನಿಸುವುದಿಲ್ಲ. ಹಾಡು ಕೇಳುತ್ತಾ ಕೋಡ್ ಬರೆಯುವುದು ಸರಿಯಾ? ನೀವು ಏನು ಕೇಳುತ್ತೀರಿ? ಸಂಗೀತ ಬಲ್ಲವರು ಒಳ್ಳೆಯ ಪ್ರೋಗ್ರಾಮರ್ ಆಗುತ್ತಾರೆ ಅನ್ನುತ್ತಾರಲ್ಲ, ನಿಜವಾ?

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ಮಧ್ಯದಲ್ಲಿ ಸುಮ್ನೆ ಹೇಳಿ ಬಿಟ್ಟ ಮಾತು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಇಷ್ಟದ ಹಾಡು ಈಗ ಏನೂ ಅನ್ನಿಸುತ್ತಿಲ್ಲ ಅಂದಿರಲ್ಲ, ಅದು. ಅಲ್ಲಿಗೆ ಬರುತ್ತೇನೆ. ಮೊದಲು ಕೆಲಸದ ಮಾತು.

ನಾನೂ ಮಡಿಕೇರಿಯಲ್ಲಿ ಕೂತು ಇದೇ ಕೆಲಸ ಮಾಡುವವನು. ಹಾಡು ಬೇಕಾ ಬೇಡವಾ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ, ಯಾಕೆಂದರೆ ನಮ್ಮ ಕೆಲಸ ಒಂದೇ ಥರದ್ದಲ್ಲ. ಹೊರಗಿನವರಿಗೆ ಎಲ್ಲವೂ ಕೀಬೋರ್ಡ್ ಕುಟ್ಟಿದ ಹಾಗೇ ಕಾಣುತ್ತದೆ. ಒಳಗೆ ನೋಡಿದರೆ ದಿನದಲ್ಲಿ ನಾಲ್ಕೈದು ಬೇರೆ ಬೇರೆ ಕೆಲಸ ಇರುತ್ತದೆ. ಬೇರೆಯವರ ಕೋಡ್ ಓದಿ ಅರ್ಥ ಮಾಡಿಕೊಳ್ಳುವುದು ಒಂದು. ಹೊಸದನ್ನು ಹೇಗೆ ಕಟ್ಟಬೇಕು ಅಂತ ಯೋಚಿಸುವುದು ಇನ್ನೊಂದು. ಯೋಚಿಸಿ ಮುಗಿದದ್ದನ್ನು ಟೈಪ್ ಮಾಡುವುದು ಮತ್ತೊಂದು. ಬಗ್, ಅಂದರೆ ಕೋಡಿನಲ್ಲಿರುವ ತಪ್ಪು, ಹುಡುಕುವುದು, ಕೋಡ್ ಸರಿ ಇದೆಯಾ ಅಂತ ನೋಡುವ ಟೆಸ್ಟ್ ಬರೆಯುವುದು, ಹತ್ತು ಫೈಲುಗಳಲ್ಲಿ ಒಂದೇ ಹೆಸರು ಬದಲಿಸುವುದು, ಡಾಕ್ಯುಮೆಂಟ್ ಬರೆಯುವುದು. ಇವಕ್ಕೆಲ್ಲ ತಲೆಯ ಬೇರೆ ಬೇರೆ ಭಾಗ ಬೇಕು. ಹಾಗಾಗಿ ಎಲ್ಲದಕ್ಕೂ ಒಂದೇ ಪ್ಲೇಲಿಸ್ಟ್ ಅನ್ನುವುದೇ ತಪ್ಪಾದ ಕಡೆಯಿಂದ ಶುರು ಮಾಡಿದ ಹಾಗೆ.

ಒಂದು ಹಳೆಯ ಪ್ರಯೋಗದ ಕಥೆ ಹೇಳುತ್ತೇನೆ. ಟಾಮ್ ಡಿಮಾರ್ಕೊ ಮತ್ತು ಟಿಮೊಥಿ ಲಿಸ್ಟರ್ 1987ರಲ್ಲಿ ಬರೆದ ‘ಪೀಪಲ್‌ವೇರ್’ ಪುಸ್ತಕದಲ್ಲಿ ಇದು ಬರುತ್ತದೆ. 1960ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಹಾಡು ಕೇಳುತ್ತಾ ಕೆಲಸ ಮಾಡುವುದು ಇಷ್ಟ ಅನ್ನುವವರು ಒಂದು ಕಡೆ, ಬೇಡ ಅನ್ನುವವರು ಇನ್ನೊಂದು ಕಡೆ. ಎರಡೂ ಗುಂಪಿನ ಅರ್ಧರ್ಧ ಜನರನ್ನು ನಿಶ್ಶಬ್ದದ ಕೋಣೆಗೆ, ಉಳಿದರ್ಧ ಜನರನ್ನು ಇಯರ್‌ಫೋನ್ ಇಟ್ಟಿದ್ದ ಕೋಣೆಗೆ ಕಳಿಸಿದರು. ಎಲ್ಲರಿಗೂ ಫೋರ್ಟ್ರಾನ್ ಭಾಷೆಯಲ್ಲಿ ಒಂದೇ ಪ್ರೋಗ್ರಾಂ ಬರೆಯಲು ಕೊಟ್ಟರು. ವೇಗದಲ್ಲಾಗಲಿ, ತಪ್ಪಿಲ್ಲದೆ ಬರೆಯುವುದರಲ್ಲಾಗಲಿ ಎರಡು ಕೋಣೆಗಳ ನಡುವೆ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಇಲ್ಲಿಗೇ ಕಥೆ ನಿಂತಿದ್ದರೆ ಹಾಡು ಹಾಕಿಕೊಳ್ಳಿ, ಏನೂ ತೊಂದರೆ ಇಲ್ಲ ಅಂದುಬಿಡಬಹುದಿತ್ತು. ಆದರೆ ಆ ಲೆಕ್ಕದಲ್ಲಿ ಒಂದು ಗುಟ್ಟು ಇತ್ತು. ಒಳಗೆ ಬಂದ ಸಂಖ್ಯೆಯನ್ನು ಎಡಕ್ಕೆ ಎರಡು ಸ್ಥಾನ ಸರಿಸಿ, ನೂರರಿಂದ ಭಾಗಿಸಿ, ಹೀಗೆ ಏನೇನೋ ಮಾಡಬೇಕಿತ್ತು. ಎಲ್ಲ ಮುಗಿದ ಮೇಲೆ ಹೊರಗೆ ಬರುವ ಸಂಖ್ಯೆ ಒಳಗೆ ಹೋದ ಸಂಖ್ಯೆಯೇ. ಏನೂ ಲೆಕ್ಕ ಮಾಡಬೇಕಾಗಿಯೇ ಇರಲಿಲ್ಲ! ಕೆಲವರಿಗೆ ಇದು ಹೊಳೆಯಿತು, ಕೆಲವರಿಗೆ ಹೊಳೆಯಲಿಲ್ಲ. ಹೊಳೆದವರಲ್ಲಿ ಹೆಚ್ಚಿನವರು ನಿಶ್ಶಬ್ದದ ಕೋಣೆಯಲ್ಲಿ ಕೂತಿದ್ದವರು.

ಇದು ಒಂದೇ ಪ್ರಯೋಗ, ಇದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬಾರದು, ನಿಜ. ಆದರೆ ದಿನವೂ ಈ ಕೆಲಸ ಮಾಡುವವನಾಗಿ ನನಗೆ ಇದು ಅಕ್ಷರಕ್ಷರ ಸರಿ ಅನ್ನಿಸುತ್ತದೆ. ಹಾಡು ಹಾಕಿಕೊಂಡರೆ ಹೇಳಿದ್ದನ್ನು ಚೆನ್ನಾಗಿಯೇ ಮಾಡುತ್ತೇವೆ. ಹೇಳಿದ್ದೇ ಸರಿಯಾ ಅನ್ನುವ ಪ್ರಶ್ನೆ ಮಾತ್ರ ತಲೆಯೊಳಗೆ ಏಳುವುದಿಲ್ಲ.

ನಮ್ಮ ಊರಿನದೇ ಉದಾಹರಣೆ ತಗೊಳ್ಳೋಣ. ಕಾಫಿ ವ್ಯಾಪಾರಿಯೊಬ್ಬರಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆಯಬೇಕು ಅಂದುಕೊಳ್ಳಿ. ರೋಬಸ್ಟಾ ಚೆರಿ ಬಂದಿದೆ, ತೂಕ 1237 ಕೆಜಿ. ರೇಟು ನಮ್ಮಲ್ಲಿ 50 ಕೆಜಿ ಚೀಲದ ಲೆಕ್ಕದಲ್ಲಿ. ಒಂದು ಫಂಕ್ಷನ್, ಅಂದರೆ ಪ್ರೋಗ್ರಾಂನ ಒಂದು ತುಂಡು, ಕೆಜಿಯನ್ನು ಚೀಲಕ್ಕೆ ಬದಲಿಸುತ್ತದೆ. 1237ನ್ನು 50ರಿಂದ ಭಾಗಿಸಿದರೆ 24.74. ಪರದೆಯಲ್ಲಿ ಚೆನ್ನಾಗಿ ಕಾಣಲಿ ಅಂತ ಯಾರೋ ಅದನ್ನು 24.7ಕ್ಕೆ ಇಳಿಸಿದ್ದಾರೆ. ಸ್ಟಾಕ್ ಬರೆದಿಡುವ ಇನ್ನೊಂದು ಫಂಕ್ಷನ್ ಆ 24.7ನ್ನೇ ತಗೊಂಡು ಮತ್ತೆ 50ರಿಂದ ಗುಣಿಸಿ ಕೆಜಿ ಮಾಡುತ್ತದೆ. ಬರುವುದು 1235. ಎರಡು ಕೆಜಿ ಕಾಫಿ ಗೋದಾಮಿನಲ್ಲೇ ಮಾಯ. ಟೆಸ್ಟ್ ಬರೆದವರು 1000 ಕೆಜಿ, 1250 ಕೆಜಿ ಅಂತ ಸುಲಭದ ಸಂಖ್ಯೆ ಹಾಕಿದ್ದರೆ ಎಲ್ಲ ಟೆಸ್ಟೂ ಪಾಸ್, ಯಾಕೆಂದರೆ ಅವು ಸರಿಯಾಗಿ 20 ಮತ್ತು 25 ಚೀಲ.

ಇಲ್ಲಿ ಎರಡು ಥರದ ಕೆಲಸ ಇದೆ ನೋಡಿ. ಆ ಎರಡು ಫಂಕ್ಷನ್‌ಗಳನ್ನು ನೀಟಾಗಿ ಬರೆಯುವುದು ಒಂದು. ಅದು ಹಾಡು ಕೇಳುತ್ತಲೂ ಆಗುತ್ತದೆ. ಅಯ್ಯೋ, ಕೆಜಿ ಅನ್ನುವುದು ಟೇಬಲ್‌ನಲ್ಲಿ ಮೊದಲೇ ಇದೆಯಲ್ಲ, ಚೀಲಕ್ಕೆ ಹೋಗಿ ವಾಪಸ್ ಬರುವ ಸುತ್ತು ಯಾಕೆ ಬೇಕು ಅಂತ ಕೇಳುವುದು ಇನ್ನೊಂದು. ಅದಕ್ಕೆ ತಲೆ ಖಾಲಿ ಇರಬೇಕು. ನಿಮಗೆ ಸಂಬಳ ಕೊಡುವುದು ಈ ಎರಡನೇ ಕೆಲಸಕ್ಕೆ, ಮೊದಲನೆಯದಕ್ಕಲ್ಲ. ಈಗಂತೂ ಮೊದಲನೆಯದನ್ನು ಮಾಡಿಕೊಡಲು ಎಐ ಕೂಡ ಬಂದಿದೆ. ಅದು ಬರೆದುಕೊಟ್ಟ ಕೋಡನ್ನು ಓದಿ ಸಂಶಯಪಡುವುದೇ ನಮ್ಮ ಪಾಲಿಗೆ ಉಳಿಯುತ್ತಿರುವ ಕೆಲಸ. ಹಾಗಾಗಿ ನಿಶ್ಶಬ್ದದ ಬೆಲೆ ಮೊದಲಿಗಿಂತ ಜಾಸ್ತಿ ಆಗಿದೆ ಅಂತಲೇ ನನ್ನ ಅಭಿಪ್ರಾಯ.

ಇನ್ನು ಸಾಹಿತ್ಯ ಇರುವ ಹಾಡು. ನಿಮ್ಮ ಸಣ್ಣಪುಟ್ಟ ತಪ್ಪುಗಳ ಮೂಲ ಇಲ್ಲೇ ಇರಬಹುದು. ಕೋಡ್ ಓದುವಾಗ ನಾವು ತುಟಿ ಅಲ್ಲಾಡಿಸದಿದ್ದರೂ ಒಳಗೊಳಗೇ ಮಾತಾಡುತ್ತಿರುತ್ತೇವೆ. ‘ಇದು ಸೊನ್ನೆಯಿಂದ ಶುರು, ಉದ್ದಕ್ಕಿಂತ ಒಂದು ಕಡಿಮೆವರೆಗೆ, ಒಳಗೆ ಈ ಷರತ್ತು’ ಅಂತ. ಆ ಒಳಮಾತು ನಡೆಯುವ ಜಾಗಕ್ಕೇ ಹಾಡಿನ ಮಾತೂ ಬಂದು ಕೂರುತ್ತದೆ. ಮನಶ್ಶಾಸ್ತ್ರದವರು ಇದನ್ನು 1970ರ ದಶಕದಿಂದ ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಪರದೆಯ ಮೇಲೆ ಅಂಕಿಗಳನ್ನೋ ಅಕ್ಷರಗಳನ್ನೋ ತೋರಿಸಿ ಅದೇ ಕ್ರಮದಲ್ಲಿ ನೆನಪಿಟ್ಟುಕೊಳ್ಳಿ ಅನ್ನುತ್ತಾರೆ. ಪಕ್ಕದಲ್ಲಿ ಯಾರದೋ ಮಾತು ಕೇಳಿಸುತ್ತಾರೆ, ಅದಕ್ಕೆ ಗಮನ ಕೊಡಬೇಡಿ ಅಂತಲೂ ಹೇಳುತ್ತಾರೆ. ಆದರೂ ನೆನಪು ಕೆಡುತ್ತದೆ. 1976ರಲ್ಲಿ ಕಾಲ್ ಮತ್ತು ವೆಲ್ಷ್ ಅನ್ನುವವರು ಕೇಳುಗರಿಗೆ ಗೊತ್ತಿಲ್ಲದ ಭಾಷೆಯ ಮಾತನ್ನೇ ಹಾಕಿದರು, ಆಗಲೂ ಕೆಟ್ಟಿತು. 1989ರಲ್ಲಿ ಸಲಾಮೆ ಮತ್ತು ಬ್ಯಾಡ್‌ಲಿ ಸಂಗೀತ ಇಟ್ಟು ನೋಡಿದರು. ಬರೀ ವಾದ್ಯಕ್ಕಿಂತ ಹಾಡುವ ದನಿ ಇದ್ದಾಗ ತೊಂದರೆ ಜಾಸ್ತಿ.

ಹಾಗಾಗಿ ‘ನನಗೆ ಗೊತ್ತಿಲ್ಲದ ಕೊರಿಯನ್ ಹಾಡು ಹಾಕಿಕೊಳ್ಳುತ್ತೇನೆ, ಅರ್ಥ ಆಗದ ಮೇಲೆ ತೊಂದರೆ ಏನು’ ಅನ್ನುವ ವಾದ ಪೂರ್ತಿ ನಿಲ್ಲುವುದಿಲ್ಲ. ಕನ್ನಡದ ಹಾಡಿನಲ್ಲಿ ಇನ್ನೊಂದು ಎಳೆತ ಕೂಡ ಇದೆ. ಬಾಯಿಪಾಠ ಬರುವ ಹಾಡಾದರೆ ಮುಂದಿನ ಸಾಲು ಬರುವ ಮೊದಲೇ ಮನಸ್ಸು ಅದನ್ನು ಹೇಳಿ ಮುಗಿಸಿರುತ್ತದೆ. ಆ ಕ್ಷಣಕ್ಕೆ ಕೈಯಲ್ಲಿದ್ದ ವೇರಿಯಬಲ್ ಹೆಸರು ಜಾರಿ ಹೋಗಿರುತ್ತದೆ.

ಹಾಗಂತ ಸಂಗೀತದಿಂದ ಉಪಯೋಗವೇ ಇಲ್ಲ ಅನ್ನುವುದೂ ತಪ್ಪು. 2005ರಲ್ಲಿ ತೆರೇಸಾ ಲೆಸಿಯುಕ್ ಅನ್ನುವ ಸಂಶೋಧಕಿ ಕೆನಡಾದ ನಾಲ್ಕು ಸಾಫ್ಟ್‌ವೇರ್ ಕಂಪನಿಗಳ 56 ಜನರನ್ನು ಐದು ವಾರ ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ಸಂಗೀತ ಇಲ್ಲದ ವಾರದಲ್ಲಿ ಅವರ ಮನಸ್ಸಿನ ಉಲ್ಲಾಸ ಕಡಿಮೆ ಇತ್ತು, ಕೆಲಸದ ಗುಣಮಟ್ಟವೂ ಕಡಿಮೆ ಇತ್ತು, ಒಂದು ಕೆಲಸಕ್ಕೆ ಹಿಡಿಯುವ ಸಮಯ ಜಾಸ್ತಿ ಆಗಿತ್ತು. ಇವರು ಸಂಗೀತ ಕೇಳುತ್ತಾ ಕೆಲಸ ಮಾಡಿ ಅಭ್ಯಾಸವಾದವರು, ಬೇಕಾದಾಗ ಬೇಕಾದ್ದನ್ನು ಕೇಳುವ ಸ್ವಾತಂತ್ರ್ಯ ಇದ್ದವರು ಅನ್ನುವುದು ಮುಖ್ಯ. ಸಂಗೀತ ನಮ್ಮ ತಲೆಯನ್ನು ಚುರುಕು ಮಾಡುವುದಿಲ್ಲ, ಮನಸ್ಸನ್ನು ಸರಿ ಮಾಡುತ್ತದೆ. ಮನಸ್ಸು ಸರಿ ಇದ್ದರೆ ಕೆಲಸ ತಾನಾಗಿ ಸಾಗುತ್ತದೆ. ಮೊಜಾರ್ಟ್ ಕೇಳಿದರೆ ಬುದ್ಧಿ ಬೆಳೆಯುತ್ತದೆ ಅಂತ ಒಂದು ಸುದ್ದಿ ಇದೆಯಲ್ಲ, ಅದರ ಮೂಲವೂ ಇಷ್ಟೇ. 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ, ಹತ್ತು ಹದಿನೈದು ನಿಮಿಷ ಮಾತ್ರ ಉಳಿದ ಪರಿಣಾಮ. ಆಮೇಲೆ ಬಂದವರು ಅದನ್ನೂ ಲವಲವಿಕೆ ಮತ್ತು ಮೂಡ್‌ನ ಲೆಕ್ಕಕ್ಕೇ ಹಾಕಿದರು.

ಈಗ ನಾನು ಏನು ಕೇಳುತ್ತೇನೆ ಅನ್ನುವುದು. ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಟೈಪ್ ಮಾಡುವ ಹೊತ್ತಿಗೆ ನನಗೆ ವೀಣೆ. ಅದರಲ್ಲೂ ವಿ. ದೊರೆಸ್ವಾಮಿ ಅಯ್ಯಂಗಾರರ ವೀಣೆ. ಮೈಸೂರು ಬಾನಿಯಲ್ಲಿ, ಅಂದರೆ ಮೈಸೂರಿನವರು ವೀಣೆ ನುಡಿಸುವ ಶೈಲಿಯಲ್ಲಿ, ಒಂದು ಸಮಾಧಾನ ಇದೆ. ಮೀಟಿದ ಸ್ವರ ಪೂರ್ತಿ ಕೇಳುವ ತನಕ ಮುಂದಿನದು ಬರುವುದಿಲ್ಲ. ಆತುರ ಇಲ್ಲ, ಆದರೆ ನಡೆ ನಿಲ್ಲುವುದೂ ಇಲ್ಲ. ಅವರ ಕೃತಿ ನುಡಿಸಾಣಿಕೆ ಹಾಕಿಕೊಂಡು ಟೆಸ್ಟ್ ಬರೆಯುವುದು ನನ್ನ ಮಟ್ಟಿಗೆ ದಿನದ ಒಳ್ಳೆಯ ಹೊತ್ತು. ಕೃತಿಯ ಬಗ್ಗೆ ಮಾತ್ರ ಹೇಳುತ್ತಿದ್ದೇನೆ, ಆಲಾಪನೆ ಬೇರೆ. ಆಲಾಪನೆಯಲ್ಲಿ ಮುಂದೇನು ಅನ್ನುವುದು ಗೊತ್ತಿರುವುದಿಲ್ಲ, ಕಿವಿ ಅದರ ಹಿಂದೆಯೇ ಹೋಗುತ್ತದೆ, ಅದು ಕೆಲಸದ ಹೊತ್ತಿನ ಸಂಗೀತ ಅಲ್ಲ. ನಿಖಿಲ್ ಬ್ಯಾನರ್ಜಿಯವರ ಸಿತಾರ್ ವಿಷಯದಲ್ಲೂ ಹಾಗೇ. ಆಲಾಪ್ ರಾತ್ರಿಗೆ, ಕೊನೆಯಲ್ಲಿ ಬರುವ ವೇಗದ ಭಾಗ ಝಾಲಾ ಬೇಕಾದರೆ ಕೆಲಸಕ್ಕೆ.

ಜರ್ಮನಿಯ ಸಂಗೀತ ರಚನಕಾರ ಬಾಖ್‌ನನ್ನೂ ಕೇಳುತ್ತೇನೆ. 1741ರಲ್ಲಿ ಪ್ರಕಟವಾದ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಮೊದಲು ಒಂದು ಹಾಡಿನಂಥ ಆರಿಯಾ, ಆಮೇಲೆ 30 ಬದಲಾವಣೆಗಳು, ಕೊನೆಗೆ ಮತ್ತೆ ಅದೇ ಆರಿಯಾ. ಬದಲಾಗುವುದು ಮೇಲಿನ ರಾಗವೆಲ್ಲ, ಕೆಳಗಿನ ಸ್ವರಗಳ ಹಂದರ ಮಾತ್ರ ಅದೇ. ಜೊತೆಗೆ ಪ್ರತಿ ಮೂರನೆಯದು ಒಂದು ಕ್ಯಾನನ್, ಅಂದರೆ ಒಂದು ದನಿ ಹೇಳಿದ್ದನ್ನೇ ಇನ್ನೊಂದು ದನಿ ಸ್ವಲ್ಪ ತಡವಾಗಿ ಹೇಳುತ್ತಾ ಹಿಂಬಾಲಿಸುವುದು. ಮೂರನೆಯದರಲ್ಲಿ ಎರಡೂ ಒಂದೇ ಸ್ವರದಿಂದ ಶುರು. ಆರನೆಯದರಲ್ಲಿ ಒಂದು ಮೆಟ್ಟಿಲು ಅಂತರ, ಒಂಬತ್ತನೆಯದರಲ್ಲಿ ಎರಡು, ಹೀಗೆ 27ನೆಯದರವರೆಗೂ ಏರುತ್ತಾ ಹೋಗುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಬರೆದ ಹಾಗೆ! ಇಷ್ಟು ಬಿಗಿಯಾದ ನಿಯಮ ಇಟ್ಟುಕೊಂಡೂ ಒಂದು ಕಡೆಯೂ ಒಣಗಿಲ್ಲ. ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಇದನ್ನು 1955ರಲ್ಲಿ ಒಮ್ಮೆ, 1981ರಲ್ಲಿ ಇನ್ನೊಮ್ಮೆ ಧ್ವನಿಮುದ್ರಿಸಿದ. ಮೊದಲನೆಯದು ಸುಮಾರು 38 ನಿಮಿಷಕ್ಕೆ ಮುಗಿಯುತ್ತದೆ, ಎರಡನೆಯದು 51 ನಿಮಿಷ. ಅದೇ ಸ್ವರಲಿಪಿ, ಅದೇ ಮನುಷ್ಯ. ಮೊದಲನೆಯದು ಕೇಳಿದರೆ ನನಗೆ ಕೈ ಓಡಿ ತಲೆ ಹಿಂದುಳಿಯುತ್ತದೆ. ಎರಡನೆಯದು ಕೆಲಸಕ್ಕೆ ಹೊಂದುತ್ತದೆ. ಅದರಲ್ಲಿ ಅವನು ನುಡಿಸುತ್ತಾ ತಾನೇ ಗುನುಗುವುದೂ ಕೇಳಿಸುತ್ತದೆ, ಕೆಲವರಿಗೆ ಕಿರಿಕಿರಿ, ನನಗೆ ಪಕ್ಕದ ಮೇಜಿನಲ್ಲಿ ಯಾರೋ ಮನಸ್ಸಿಟ್ಟು ಕೆಲಸ ಮಾಡುತ್ತಿದ್ದಾರೆ ಅನ್ನಿಸುತ್ತದೆ.

ಬಗ್ ಹುಡುಕುವಾಗ ನನಗೆ ಏನೂ ಬೇಡ. ತೀರಾ ಗಲಾಟೆ ಇದ್ದರೆ ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೊ 1978ರಲ್ಲಿ ವಿಮಾನ ನಿಲ್ದಾಣಗಳಿಗೆ ಅಂತ ಮಾಡಿದ ಸಂಗೀತ ಹಾಕುತ್ತೇನೆ, ಕೇಳಿಯೂ ಕೇಳದಷ್ಟು ಸಣ್ಣಗೆ. ಅದನ್ನು ಕಟ್ಟಿದ ರೀತಿ ಸರಳ. ಟೇಪಿನ ಸುರುಳಿಗಳು, ಒಂದೊಂದರಲ್ಲಿ ಒಂದೊಂದು ಸ್ವರ, ಒಂದೊಂದರ ಉದ್ದ ಬೇರೆ. ಒಂದು ಸುಮಾರು ಇಪ್ಪತ್ತಮೂರೂವರೆ ಸೆಕೆಂಡಿಗೊಮ್ಮೆ ಬರುತ್ತದೆ, ಇನ್ನೊಂದು ಸುಮಾರು 26ಕ್ಕೆ, ಮತ್ತೊಂದು ಸುಮಾರು 30ಕ್ಕೆ. ಮೂರೂ ಮತ್ತೆ ಅದೇ ಜಾಗದಲ್ಲಿ ಸೇರುವುದಕ್ಕೆ ತುಂಬಾ ಹೊತ್ತು ಬೇಕು. ಹಾಗಾಗಿ ಯಾವಾಗಲೂ ಅದೇ ಥರ ಇದ್ದರೂ ಅದೇ ಅಲ್ಲ.

ಮಲ್ಲಿಕಾರ್ಜುನ ಮನ್ಸೂರರನ್ನು ಮಾತ್ರ ನಾನು ಕೆಲಸದ ಹೊತ್ತಿಗೆ ಯಾವತ್ತೂ ಹಾಕುವುದಿಲ್ಲ. ಧಾರವಾಡದ ಪಕ್ಕದ ಮನ್ಸೂರಿನ ಈ ಮನುಷ್ಯ ಹಾಡುವಾಗ ಒಂದು ತಾನ್ ಮುಗಿಯುವ ಮೊದಲೇ ಇನ್ನೊಂದರ ಸುಳಿವು ಕೊಡುತ್ತಾರೆ. ನಾವು ಇದೀಗ ಇಲ್ಲಿ ಇಳಿಯುತ್ತಾರೆ ಅಂದುಕೊಂಡ ಕಡೆ ಇಳಿಯುವುದಿಲ್ಲ. ಅಷ್ಟು ಅಪರೂಪದ ರಾಗಗಳನ್ನು ಅಷ್ಟು ಸಲೀಸಾಗಿ ಬಿಡಿಸಿಡುವಾಗ ಕಿವಿಗೊಡದೆ ಇರುವುದು ಆಗದ ಮಾತು. ಕಿವಿಗೊಡದೆ ಇರಲು ಅಭ್ಯಾಸ ಮಾಡಿಕೊಂಡರೆ? ಅದು ಇನ್ನೂ ಕೆಟ್ಟದ್ದು.

ಇಲ್ಲೇ ನಿಮ್ಮ ಆ ಮಾತಿಗೆ ಬರುತ್ತೇನೆ. ದಿನಕ್ಕೆ ಎಂಟು ಗಂಟೆ ಇಷ್ಟದ ಹಾಡನ್ನು ಕಿವಿಗೆ ಬಿಟ್ಟುಕೊಂಡು, ಮನಸ್ಸನ್ನು ಬೇರೆ ಕಡೆ ಇಟ್ಟರೆ, ನೀವು ಏನು ಕಲಿಯುತ್ತಿದ್ದೀರಿ ಗೊತ್ತಾ? ಆ ಹಾಡನ್ನು ಕೇಳದೆ ಇರುವುದನ್ನು ಕಲಿಯುತ್ತಿದ್ದೀರಿ. ಆ ದನಿ ಬಂದಾಗಲೆಲ್ಲ ‘ಇದು ನಿನಗಲ್ಲ, ನಿನ್ನ ಕೆಲಸ ನೋಡು’ ಅಂತ ಕಿವಿಗೆ ಪಾಠ ಆಗುತ್ತಿದೆ. ಆಮೇಲೆ ಒಂದು ಭಾನುವಾರ ಆರಾಮಾಗಿ ಕೂತು ಅದೇ ಹಾಡು ಹಾಕಿದರೆ ಕಿವಿ ಅಭ್ಯಾಸಬಲದಿಂದ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಹಾಡು ಹಳಸಿಲ್ಲ. ನಿಮಗೂ ಏನೂ ಆಗಿಲ್ಲ. ಅದಕ್ಕೇ ನನ್ನದು ಒಂದೇ ಬಲವಾದ ಸಲಹೆ: ತುಂಬಾ ಇಷ್ಟದ ಸಂಗೀತವನ್ನು ಕೆಲಸಕ್ಕೆ ಹಚ್ಚಬೇಡಿ. ಕೆಲಸಕ್ಕೆ ಹೊಂದುವಂಥದ್ದನ್ನು ಬೇರೆಯೇ ಇಟ್ಟುಕೊಳ್ಳಿ. ಪ್ರಾಣ ಅನ್ನುವಂಥದ್ದನ್ನು ಕೈಯಲ್ಲಿ ಬೇರೆ ಏನೂ ಇಲ್ಲದಾಗ ಕೇಳಿ. ಈಗ ಸಪ್ಪೆಯಾಗಿರುವ ಹಾಡುಗಳನ್ನು ಕೆಲವು ತಿಂಗಳು ಮುಟ್ಟಲೇಬೇಡಿ, ಆಮೇಲೆ ಕೇಳಿ ನೋಡಿ. ಬರುತ್ತವೆ.

ಕೊಡಗಿನಲ್ಲಿ ಕೂತು ಕೆಲಸ ಮಾಡುವ ನಮಗೆ ಒಂದು ಅನುಕೂಲ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ ಬೀಳುವ ಮಳೆಗಿಂತ ಒಳ್ಳೆಯ ಹಿನ್ನೆಲೆ ಶಬ್ದ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಬೆಂಗಳೂರಿನ ನನ್ನ ಗೆಳೆಯರು ಇದನ್ನೇ ಆಪ್‌ನಲ್ಲಿ ಹಾಕಿಕೊಂಡು ಕೂರುತ್ತಾರೆ. ಕೆಲಸ ಕೆಡಿಸುವುದು ಶಬ್ದದ ಜೋರಿಗಿಂತ ಅದು ಕ್ಷಣಕ್ಷಣಕ್ಕೂ ಬದಲಾಗುವ ಗುಣ. ಒಂದೇ ಸಮನೆ ಸುರಿಯುವ ಮಳೆಯಲ್ಲಿ ಬದಲಾವಣೆ ಇಲ್ಲ. ಅದು ಪಕ್ಕದ ಕೋಣೆಯ ಟಿವಿಯನ್ನೂ ರಸ್ತೆಯ ಜೀಪನ್ನೂ ಮುಚ್ಚಿಹಾಕುತ್ತದೆ. ಬೇಸಿಗೆಯ ಜೀರುಂಡೆ ಸದ್ದೂ ಹಾಗೇ, ಸ್ವಲ್ಪ ಹೊತ್ತಿಗೆ ಕಿವಿಯಿಂದ ಇಳಿದು ಹೋಗುತ್ತದೆ. ಅದೇ ಮಳೆಗಾಲದ ನಸುಕಿನಲ್ಲಿ ತೊರೆಯ ಬದಿಯಿಂದ ಮಲಬಾರ್ ವಿಸ್ಲಿಂಗ್ ಥ್ರಷ್ ಹಕ್ಕಿ ಸಿಳ್ಳೆ ಹಾಕತೊಡಗಿದರೆ ಕೆಲಸ ನಿಂತ ಹಾಗೇ. ದಾರಿಯಲ್ಲಿ ಹೋಗುವ ಹುಡುಗ ಏನೋ ರಾಗ ನೆನಪು ಮಾಡಿಕೊಂಡು ಸಿಳ್ಳೆ ಹಾಕಿದ ಹಾಗೆ ಅಡ್ಡಾದಿಡ್ಡಿ ಹೋಗುತ್ತದೆ, ಎರಡು ಸಲ ಒಂದೇ ಥರ ಇರುವುದಿಲ್ಲ. ನಿಲ್ಲಲಿ ಬಿಡಿ, ಅದನ್ನು ಕೇಳಿ.

ಮಳೆಯ ಜೊತೆ ಒಂದು ಅಪಾಯವೂ ಇದೆ, ಇದನ್ನು ದಯವಿಟ್ಟು ಗಮನಿಸಿ. ಹೆಂಚಿನ ಬದಲು ಜಿಂಕ್ ಶೀಟ್ ಮನೆಯಾದರೆ ಮಳೆಯ ಸದ್ದು ತಡೆಯಲಾಗದಷ್ಟು ಜೋರು. ಅದನ್ನು ಮೀರಿಸಲು ನಾವು ವಾಲ್ಯೂಮ್ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸರಿ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ ಹತ್ತೇ ಗಂಟೆ. ಬೆಳಗ್ಗಿಂದ ಸಂಜೆವರೆಗೆ ಹೆಡ್‌ಫೋನ್ ಹಾಕುವವರಿಗೆ ಹತ್ತು ಗಂಟೆ ಅಂದರೆ ಎರಡು ದಿನ ಕೂಡ ಅಲ್ಲ. ಶಬ್ದ ಕಡಿಮೆ ಮಾಡುವ ದುಬಾರಿ ಹೆಡ್‌ಫೋನ್ ಕೂಡ ಫ್ಯಾನ್, ಬಸ್ಸಿನ ಎಂಜಿನ್ ಥರದ ಕೆಳದನಿಯ ಸದ್ದನ್ನು ತಡೆದಷ್ಟು ಚೆನ್ನಾಗಿ ಶೀಟಿನ ಮೇಲಿನ ಮಳೆಯನ್ನು ತಡೆಯುವುದಿಲ್ಲ. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ತಗೊಂಡು ವಾಲ್ಯೂಮ್ ಕಡಿಮೆ ಇಟ್ಟುಕೊಳ್ಳುವುದು ಮೇಲು. ಸಂಜೆಯ ತಲೆಭಾರಕ್ಕೆ ಇದೂ ಒಂದು ಕಾರಣ ಇರಬಹುದು. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ, ತಡ ಮಾಡಬೇಡಿ.

ಕೆಲಸಕ್ಕೆ ಹಚ್ಚಲೇಬಾರದ ಸಂಗೀತ ನಮ್ಮ ಮನೆಬಾಗಿಲಲ್ಲೇ ಇದೆ. ಮದುವೆಮನೆಯಲ್ಲಿ ವಾಲಗ ಶುರುವಾದರೆ ಲ್ಯಾಪ್‌ಟಾಪ್ ಮುಚ್ಚುವುದೇ ಸರಿ. ಅದು ಇರುವುದು ಕಾಲು ಎತ್ತಿ ಕುಣಿಯುವುದಕ್ಕೆ, ಫೋನಿನಲ್ಲಿ ಕೇಳಿದರೆ ಅದರ ಅರ್ಧವೂ ಸಿಗುವುದಿಲ್ಲ. ಕೊಡವರ ಕಥೆ ಹೇಳುವ ಹಾಡು ಬಾಳೋ ಪಾಟ್ ಅಂತೂ ನಾನು ಪ್ರೋಗ್ರಾಮರ್ ಆದ ಮೇಲೆ ಇನ್ನಷ್ಟು ಇಷ್ಟವಾಯಿತು. ನಾಲ್ಕು ಜನ, ಕೈಯಲ್ಲಿ ದುಡಿ ಅನ್ನುವ ಸಣ್ಣ ಚರ್ಮವಾದ್ಯ, ಇಬ್ಬರು ಒಂದು ಜೋಡಿ, ಇನ್ನಿಬ್ಬರು ಇನ್ನೊಂದು ಜೋಡಿ. ಮೊದಲ ಜೋಡಿ ಒಂದು ಸಾಲು ಹೇಳುತ್ತದೆ, ಎರಡನೇ ಜೋಡಿ ಅದನ್ನು ಎತ್ತಿಕೊಳ್ಳುತ್ತದೆ. ಹೀಗೆ ಗಂಟೆಗಟ್ಟಲೆ ಕಥೆ ಸಾಗುತ್ತದೆ. ಯಾರೂ ಒಬ್ಬರೇ ಹೊತ್ತುಕೊಂಡು ಹೋಗುವುದಿಲ್ಲ, ಒಬ್ಬರು ಉಸಿರು ತಗೊಳ್ಳುವಾಗ ಇನ್ನೊಬ್ಬರು ಹಿಡಿದಿರುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪ ಈ ಹಾಡುಗಳನ್ನು ಹಾಡುವವರ ಬಾಯಿಂದ ಕೇಳಿ ಬರೆದು 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಕೊಟ್ಟರು. ಕೊಡವ ಭಾಷೆ ಬರದಿದ್ದರೂ ಕನ್ನಡ ಲಿಪಿಯಲ್ಲಿ ಓದಬಹುದು, ನಿಧಾನವಾಗಿ ಅರ್ಥವೂ ಆಗುತ್ತಾ ಬರುತ್ತದೆ. ಸುಗ್ಗಿಹಬ್ಬ ಪುತ್ತರಿ ಹೊತ್ತಿಗೆ ಯಾವುದಾದರೂ ಮನೆಯಲ್ಲೋ ಊರಿನವರು ಸೇರುವ ಬಯಲು ಮಂದ್‌ನಲ್ಲೋ ಹಾಡುವುದು ಕೇಳಲು ಸಿಕ್ಕರೆ ಫೋನ್ ಜೇಬಿನಲ್ಲಿಟ್ಟು ಕೊನೆವರೆಗೂ ನಿಲ್ಲಿ. ಮಡಿಕೇರಿ ಆಕಾಶವಾಣಿಯಲ್ಲೂ ಕೊಡವ, ಅರೆಭಾಷೆ ಕಾರ್ಯಕ್ರಮಗಳು ಬರುತ್ತವೆ. ಯಾವ ಆಪ್ ಕೂಡ ನಿಮಗೆ ಇವನ್ನು ತಾನಾಗಿ ತಂದುಕೊಡುವುದಿಲ್ಲ.

ಕೊನೆಯದು, ಸಂಗೀತ ಕಲಿತರೆ ಒಳ್ಳೆಯ ಪ್ರೋಗ್ರಾಮರ್ ಆಗುತ್ತಾರಾ. ಆಗುತ್ತಾರೆ ಅಂತ ನಾನು ಹೇಳಲಾರೆ. ಎರಡೂ ಬಲ್ಲ ದೊಡ್ಡವರು ಇದ್ದಾರೆ, ನಿಜ. ಪ್ರೋಗ್ರಾಮಿಂಗ್‌ನ ಹಿರಿಯ ಡೊನಾಲ್ಡ್ ಕ್ನೂತ್ ಮನೆಯಲ್ಲೇ ಪೈಪ್ ಆರ್ಗನ್ ಇಟ್ಟುಕೊಂಡಿದ್ದಾರೆ, ಆ ವಾದ್ಯಕ್ಕೆ ಅವರು ಬರೆದ ದೊಡ್ಡ ಕೃತಿ 2018ರಲ್ಲಿ ಅವರಿಗೆ 80 ತುಂಬಿದಾಗ ಸ್ವೀಡನ್‌ನಲ್ಲಿ ಮೊದಲ ಬಾರಿ ನುಡಿಯಿತು. ಏಡಾ ಲವ್‌ಲೇಸ್ 1843ರಲ್ಲೇ ಲೆಕ್ಕದ ಯಂತ್ರ ಮುಂದೆ ಸಂಗೀತವನ್ನೂ ರಚಿಸಬಹುದು ಅಂತ ಬರೆದಿದ್ದಳು. ಆದರೆ ಸಂಗೀತದ ಗಂಧವೇ ಇಲ್ಲದ ಅದ್ಭುತ ಪ್ರೋಗ್ರಾಮರ್‌ಗಳನ್ನೂ ನಾನು ನೋಡಿದ್ದೇನೆ.

ಒಂದು ಮಾತ್ರ ಹೇಳಬಲ್ಲೆ. ತಾಳ ಕಲಿತರೆ ಲೆಕ್ಕ ಮೈಗೆ ಹತ್ತುತ್ತದೆ. ಆದಿತಾಳಕ್ಕೆ ಎಂಟು ಅಕ್ಷರ. ತಕತಕಿಟ ಅಂತ ಐದು ಅಕ್ಷರದ ತುಂಡನ್ನು ಅದರ ಮೇಲೆ ಹೇಳುತ್ತಾ ಹೋಗಿ, ಅಕ್ಷರಕ್ಕೊಂದರಂತೆ. ಮೊದಲ ಆವರ್ತ ಮುಗಿಯುವಾಗ ತುಂಡು ಅರ್ಧಕ್ಕೆ ನಿಂತಿರುತ್ತದೆ. ಎರಡನೆಯದು, ಮೂರನೆಯದು, ಎಲ್ಲೂ ಸೇರುವುದಿಲ್ಲ. ಐದು ಆವರ್ತ, 40 ಅಕ್ಷರ ಮುಗಿದ ಮೇಲೆ ಎರಡೂ ಒಟ್ಟಿಗೆ ಸಮಕ್ಕೆ ಬಂದು ಕೂರುತ್ತವೆ. ಲಘುತಮ ಸಾಮಾನ್ಯ ಅಪವರ್ತ್ಯ ಅಂತ ಶಾಲೆಯಲ್ಲಿ ಕಲಿತದ್ದು ಕೈಬೆರಳ ಮೇಲೆ ಬಂದ ಹಾಗೆ. ಈನೊನ ಟೇಪ್ ಸುರುಳಿಗಳದ್ದೂ ಇದೇ ಲೆಕ್ಕ. ಬೇರೆ ಬೇರೆ ಅವಧಿಗೆ ಓಡುವ ಎರಡು ಕೆಲಸಗಳು ಸರ್ವರ್‌ನಲ್ಲಿ ಯಾವಾಗ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಅನ್ನುವುದೂ ಇದೇ. ಆದರೂ ಕೆಲಸಕ್ಕೆ ಉಪಯೋಗ ಆಗಲಿ ಅಂತ ಮೃದಂಗ ಕಲಿಯಬೇಡಿ. ಮೃದಂಗ ಇಷ್ಟವಾದರೆ ಮೃದಂಗಕ್ಕೋಸ್ಕರ ಕಲಿಯಿರಿ, ದುಡಿ ಇಷ್ಟವಾದರೆ ಬಾರಿಸುವ ಹಿರಿಯರ ಪಕ್ಕ ಕೂತು ಕಲಿಯಿರಿ.

ನಾಳೆಯಿಂದಲೇ ಶುರು ಮಾಡುವುದಾದರೆ ಹೀಗೆ ಮಾಡಿ. ಬೆಳಗ್ಗಿನ ಮೊದಲ ಎರಡು ಗಂಟೆ, ಮೀಟಿಂಗ್ ಶುರುವಾಗುವ ಮೊದಲು, ಹೆಡ್‌ಫೋನ್ ಬೇಡ. ಕೋಡ್ ರಿವ್ಯೂ, ಡಿಸೈನ್, ಕಷ್ಟದ ಬಗ್ ಎಲ್ಲ ಆಗ. ಮೊದಲ ಕೆಲವು ದಿನ ಏನೋ ಕಳೆದುಕೊಂಡ ಹಾಗೆ ಕೈ ಹೆಡ್‌ಫೋನ್ ಕಡೆ ಹೋಗುತ್ತಲೇ ಇರುತ್ತದೆ, ಹೋಗಲಿ, ಹಾಕಬೇಡಿ. ಊಟದ ನಂತರ ನಿದ್ದೆ ಎಳೆಯುವ ಹೊತ್ತಿಗೆ ಮಾತಿಲ್ಲದ ಸಂಗೀತ, ಜೊತೆಗೆ ಟೈಪ್ ಮಾಡುವ ಕೆಲಸ. ಬೇಕಾದ್ದನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಮಳೆಗಾಲದಲ್ಲಿ ಲೈನ್ ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ, ಇದ್ದಷ್ಟು ನೆಟ್‌ವರ್ಕ್ ಕೆಲಸಕ್ಕೆ ಬೇಕು. ಸಂಜೆ ಕೆಲಸ ಮುಗಿದ ಮೇಲೆ ಒಂದು ಹೊತ್ತು ಕಿವಿಗೆ ಏನೂ ಬೇಡ. ಇಷ್ಟದ್ದನ್ನು ರಾತ್ರಿ, ಸಾಧ್ಯವಾದರೆ ಸ್ಪೀಕರ್‌ನಲ್ಲಿ, ಮನೆಯವರ ಜೊತೆ ಕೇಳಿ. ನನ್ನ ಪಟ್ಟಿ ನನ್ನ ಕಿವಿಗೆ ಹೊಂದಿದ್ದು, ನಿಮ್ಮದು ಬೇರೆಯೇ ಇರಬಹುದು. ಯಾವ ಕೆಲಸಕ್ಕೆ ಯಾವುದು ಹೊಂದಿತು, ಯಾವುದು ಕೆಡಿಸಿತು ಅಂತ ಸ್ವಲ್ಪ ದಿನ ಬಿಟ್ಟು ಬರೆಯಿರಿ, ನನಗೂ ತಿಳಿಯುವ ಆಸೆ ಇದೆ.